ಮುಷ್ಟಿ, ಅಂಗೈ, ಅಂಚು

ಆ ಕ್ಲಿನಿಕ್ಕಿನಲ್ಲಿ ಪದಗಳ ಎರಡನೆಯ ಪಟ್ಟಿ ಇರಲಿಲ್ಲ. ಇದ್ದದ್ದು ಒಂದೇ ಹಾಳೆ, ಅದರಲ್ಲಿ ನಾಲ್ಕು ಪದ: ಬೀಗ, ಮೇಕೆ, ಕೊಡೆ, ಹಳದಿ. ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಯಾರಿಗೆ ಮರೆವು ಹೆಚ್ಚಿದೆ, ಯಾರ ಕೈ ನಿಧಾನವಾಗಿದೆ ಎಂದು ತಿಳಿಯಲು ನರ್ಸ್ ಎಲ್ಲರಿಗೂ ಅದನ್ನೇ ಓದುತ್ತಿದ್ದಳು. ಕಳೆದ ತಿಂಗಳು ಮರದ ಮಿಲ್ಲಿನ ಗರಗಸದವನಿಗೆ ನಾಲ್ಕರಲ್ಲಿ ಒಂದು ನೆನಪಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ನಾಲ್ಕೂ ನೆನಪಿದ್ದವು.

"ಮತ್ತೆ ಹೇಳಿ," ಎಂದಳು ಅವಳು, ಅಡುಗೆಮನೆಯ ಮೇಜಿನ ಆಚೆ ನಿಂತು. ಕೈಗೆ ಸಿಗದಷ್ಟು ದೂರ.

"ಬೀಗ. ಮೇಕೆ. ಕೊಡೆ." ಅವನು ತಡೆದ. "ಅದೇನೇ ಅದು ಕೊನೇದು?"

"ಬಣ್ಣ."

"ಬಣ್ಣ ಅಂತ ನಂಗೂ ಗೊತ್ತು ಕಣೇ. ಯಾವ್ದು?"

"ನಿಮ್ಮ ಹಲ್ಲು ನೋಡ್ಕೊಳ್ಳಿ, ನೆನಪಾಗುತ್ತೆ."

ಅವನು ನಕ್ಕ. "ಹಳದಿ."

ಆಮೇಲೆ ಕೈಯದು. ಮೇಜಿನ ಮೇಲೆ ಮೊದಲು ಮುಷ್ಟಿ, ನಂತರ ಅಂಗೈ, ನಂತರ ಕೈಯ ಅಂಚು, ಬೇಗ ಬೇಗ. ಮೂರನೆಯ ಸುತ್ತಿಗೆ ಬೆರಳುಗಳು ಸಿಕ್ಕಿಕೊಂಡವು. "ಅಂಗೈ ಮೊದಲಲ್ಲ," ಎಂದಳು ಅವಳು. ಮೇಜು ಪಕ್ಕಕ್ಕೆ ಹಾರಿತು. ಅವಳ ಕೂದಲು ಹಿಡಿದು ಬಗ್ಗಿಸಿ ಬೆನ್ನಿನ ಮೇಲೆ ಬಾರಿಸಿದ. ಮುಷ್ಟಿ, ಅಂಗೈ, ಅಂಚು. ಮುಷ್ಟಿ, ಅಂಗೈ, ಅಂಚು. ಅಲ್ಲಿ ಒಂದು ಸಲವೂ ತಪ್ಪಲಿಲ್ಲ.

ಮರದ ಮಿಲ್ಲಿಗೆ ಹೋಗುತ್ತಿದ್ದಾಗ ಅವನ ಬಾಯಿ ಮಾತ್ರ ಜೋರಿತ್ತು, ಕೈ ಎತ್ತುತ್ತಿರಲಿಲ್ಲ. ಗರಗಸವನ್ನು ಓಡುತ್ತಲೇ ಬಿಟ್ಟು ಎರಡು ಸಲ ಎದ್ದುಹೋದ ಮೇಲೆ ಮಾಲೀಕ, ಕ್ಲಿನಿಕ್ಕಿನ ಚೀಟಿ ತಂದರೆ ಮಾತ್ರ ಒಳಗೆ ಎಂದಿದ್ದ. ಮನೆಯಲ್ಲಿ ಕೂತು ಆರು ವಾರವಾಗಿತ್ತು. ಅವಳಿಗೆ ಬೇಕಾದದ್ದು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಅವನಿಲ್ಲದ ಮನೆ.

"ಇದ್ರಲ್ಲಿ ಪಾಸು ಫೇಲು ಇಲ್ಲ ಅಣ್ಣ," ಎಂದಳು ನರ್ಸ್, ಅವರು ಮತ್ತೆ ಕ್ಲಿನಿಕ್ಕಿಗೆ ಹೋದಾಗ. "ಕಮ್ಮಿ ಬಂದ್ರೆ ಡಾಕ್ಟ್ರು ಇನ್ನಷ್ಟು ಪರೀಕ್ಷೆ ಮಾಡಿಸ್ತಾರೆ, ಬೇಕಾದ್ರೆ ಮಾತ್ರೆ ಬದಲಾಯಿಸ್ತಾರೆ. ಎಷ್ಟೋ ಜನ ಸುಧಾರಿಸಿದ್ದಾರೆ. ಮೂರು ತಿಂಗಳು ಮಿಲ್ಲಿಗೆ ಹೋಗೋ ಹಾಗಿಲ್ಲ, ಅಷ್ಟೆ."

ಮಾತ್ರೆ ಬದಲಾಯಿಸಿದರೆ ಸುಧಾರಿಸಬಹುದು ಎಂಬುದು ಹೆಂಡತಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಮೂರು ತಿಂಗಳು ಎಂಬುದೂ ಕೇಳಿಸಿತು. ಅವಳು ಶಾಲನ್ನು ಕತ್ತಿನವರೆಗೆ ಎಳೆದುಕೊಂಡಳು.

ಅವನು ನಾಲ್ಕೂ ಪದ ಹೇಳಿದ. ಕೈಯೂ ತಪ್ಪಲಿಲ್ಲ.

"ಪರವಾಗಿಲ್ವೇ. ಮನೇಲಿ ಹೇಗಿರ್ತಾರಮ್ಮಾ? ಸಿಟ್ಟು ಗಿಟ್ಟು?"

ಅವನು ತಿರುಗಿ ನೋಡಿದ.

"ಚೆನ್ನಾಗಿರ್ತಾರೆ," ಎಂದಳು ಹೆಂಡತಿ. "ಕೆಲಸ ಇಲ್ದೆ ಬೇಜಾರು, ಅಷ್ಟೆ."

ನರ್ಸ್ ಚೀಟಿ ಬರೆದುಕೊಟ್ಟಳು.

ಮಿಲ್ಲಿಗೆ ಮರಳಿದ ನಾಲ್ಕನೆಯ ದಿನ ಗರಗಸದ ಹಲ್ಲಿಗೆ ಮರದ ಚಕ್ಕೆಯೊಂದು ಸಿಕ್ಕಿಕೊಂಡಿತು. ಆ ಕೆಲಸಕ್ಕೆ ಮೂರೇ ಹೆಜ್ಜೆ: ಸ್ವಿಚ್ ಆರಿಸಬೇಕು, ಗರಗಸ ನಿಲ್ಲಬೇಕು, ಆಮೇಲೆ ಕೈ ಹಾಕಬೇಕು. ಅವನು ಮೂರನೆಯದನ್ನು ಮೊದಲು ಮಾಡಿದ. ಬಲಗೈಯನ್ನು ಬಿಡಿಸಿಕೊಳ್ಳಲು ಎಡಗೈಯನ್ನೂ ಹಾಕಿದ. ರಕ್ತ ಗೋಡೆಗೆ ಚಿಮ್ಮಿತು. ಜೊತೆಯವನು ಓಡಿಬಂದು ಸ್ವಿಚ್ ಆರಿಸಿದ ಮೇಲೂ ಗರಗಸ ಇನ್ನೊಂದು ಗಳಿಗೆ ತಿರುಗುತ್ತಲೇ ಇತ್ತು. ಕೆಳಗಿನ ಮರದ ಹೊಟ್ಟಿನಲ್ಲಿ ಬೆರಳುಗಳನ್ನು ಹುಡುಕಿ ತೆಗೆದರು.

ನರ್ಸ್ ಅವನ ಫೈಲು ಹಿಡಿದುಕೊಂಡೇ ದೊಡ್ಡಾಸ್ಪತ್ರೆಗೆ ಬಂದಳು. "ಎಲ್ಲಾ ಸರಿಯಾಗೇ ಹೇಳಿದ್ರಲ್ಲಮ್ಮಾ?"

"ನಾನೇ ಬಾಯಿಪಾಠ ಮಾಡ್ಸಿದ್ದೆ."

"ಕೈಯದು?"

ಹೆಂಡತಿ ಬೆನ್ನು ತಿರುಗಿಸಿ ಶಾಲು ಇಳಿಸಿದಳು. ನರ್ಸ್ ನೋಡಿ ಫೈಲು ಮುಚ್ಚಿದಳು.

ನರ್ಸಿನ ದನಿಗೆ ಅವನು ಕಣ್ಣು ಬಿಟ್ಟ. "ಬೀಗ, ಮೇಕೆ, ಕೊಡೆ, ಹಳದಿ," ಎಂದ, ಒಂದೇ ಉಸಿರಿಗೆ.

ನರ್ಸ್ ಹೋದ ಮೇಲೆ ಹೆಂಡತಿ ಗಂಜಿಯ ಚಮಚವನ್ನು ಅವನ ಬಾಯಿಯ ಹತ್ತಿರ ಒಯ್ದಳು. ಬಿಸಿಯಾಗಿತ್ತೇನೋ, ಅವನು ಬಲಗೈ ಎತ್ತಿದ. ಅವಳು ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಬ್ಯಾಂಡೇಜು ಸುತ್ತಿದ ಕೈ ಗಾಳಿಯಲ್ಲೇ ಇತ್ತು.

ಅವಳು ಉಳಿದವನ್ನು ಎಣಿಸಿದಳು: ಬಲಗೈಯಲ್ಲಿ ನಾಲ್ಕು ಬೆರಳು, ಎಡಗೈಯಲ್ಲಿ ಎರಡು. ಒಟ್ಟು ಆರು.