ಬಣ್ಣಕ್ಕೊಂದು ಗಂಟು

ಆಮಿನಾ ಅಟ್ಟದ ಮೇಲಿನ ಗಂಟುಗಳನ್ನು ಬಿಚ್ಚಿದ್ದು ಜನವರಿಯಲ್ಲಿ. ಹೊಲಿಗೆ ಮಿಷನ್ನು ಕೆಟ್ಟಿತ್ತು. ಅದನ್ನು ರಿಪೇರಿಗೆಂದು ಗಂಡ ಕಮಾಲುದ್ದೀನ್ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಿ ಎರಡು ದಿನ ಅಲ್ಲೇ ಉಳಿದಿದ್ದ.

ಅವರ ದರ್ಜಿ ಅಂಗಡಿ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ, ಮನೆಯ ಮೇಲೆ ಅಟ್ಟ. ಅಕ್ಕಸಾಲಿ ಅಕ್ಕನ ಚಿನ್ನ ಬಿಡುವುದಿಲ್ಲ, ದರ್ಜಿ ತಂಗಿಯ ರವಿಕೆ ಬಿಡುವುದಿಲ್ಲ ಎಂದು ಗಿರಾಕಿಗಳು ನಗುತ್ತಾ ಹೇಳುತ್ತಿದ್ದ ಮಾತು ಮಾವ ಅಸಾದುಲ್ಲಾರಿಗೆ ಬಹಳ ಚುಚ್ಚಿತ್ತಂತೆ. ಅದಕ್ಕೇ ಅವರು ಒಂದು ಕ್ರಮ ಮಾಡಿದ್ದರು. ಕತ್ತರಿಸಿ ಉಳಿದ ಬಟ್ಟೆಯನ್ನು ಗಿರಾಕಿ ಕೇಳಿ ಒಯ್ಯದಿದ್ದರೆ ಅವರವರ ಮನೆಯದನ್ನು ಬೇರೆಬೇರೆಯಾಗಿ ಗಂಟು ಕಟ್ಟಿ, ಹೆಸರು ಬರೆದ ಚೀಟಿ ಸಿಕ್ಕಿಸಿ ಅಟ್ಟಕ್ಕೆ ಹಾಕಬೇಕು. ಮೂರು ವರ್ಷ ಕಾಯಬೇಕು. ತೋಳು ಹರಿಯಿತು, ತೇಪೆಗೆ ಬೇಕು ಎಂದು ಯಾರಾದರೂ ಬಂದರೆ ಕೊಡಬೇಕು. ಬಾರದಿದ್ದರೆ ಅದು ಮನೆಯ ಹೆಂಗಸರ ಪಾಲು, ಕೌದಿ ಹೊಲಿಯಲಿಕ್ಕೆ.

ಮಾವ ತೀರಿಕೊಂಡ ಮೇಲೆ ಕಮಾಲುದ್ದೀನ್ ಗಂಟು ಕಟ್ಟುವುದನ್ನು ಬಿಡಲಿಲ್ಲ, ಇಳಿಸುವುದನ್ನು ಮಾತ್ರ ಮರೆತ. ಅಟ್ಟ ತುಂಬಿ ಗಂಟುಗಳು ಏಣಿಯ ಮೆಟ್ಟಿಲಿನವರೆಗೆ ಬಂದವು. ಅದರೊಳಗೆ ಇಲಿ ಮರಿ ಹಾಕಿತು. ಅತ್ತೆ ಗುಲ್ಜಾರ್ ಬೇಗಂ, "ನನ್ನ ಮಗ ಸತ್ತರೆ ಅವನಿಗೆ ಬೇರೆ ಕಫನ್ ಬೇಡ, ಇದರಲ್ಲೇ ಸುತ್ತಬಹುದು" ಎನ್ನುತ್ತಿದ್ದರು.

ಆ ಹೊತ್ತಿಗೇ ಶೃಂಗೇರಿಯ ಒಂದು ಲಾಡ್ಜಿನವರು ಹನ್ನೆರಡು ಕೌದಿ ಬೇಕೆಂದು ಹೇಳಿ ಕಳಿಸಿದರು. ಎಲ್ಲವೂ ಒಂದೇ ಥರ ಕಾಣಬೇಕು, ನಡುವೆ ಹಸಿರು, ಸುತ್ತ ಕೆಂಪು. ಆಮಿನಾ ಅಷ್ಟು ವರ್ಷ ಸಿಕ್ಕಿದ ತುಂಡಿಗೆ ಸಿಕ್ಕಿದ ತುಂಡು ಸೇರಿಸಿ ಹೊಲಿದವಳು. ಬಣ್ಣ ಕೇಳಿ ಬಂದ ಮೊದಲ ಗಿರಾಕಿ ಇದು.

ಎರಡು ದಿನ ಕೂತು ಎಲ್ಲವನ್ನೂ ಬಿಚ್ಚಿದಳು. ನೂಲಿನ ಬಟ್ಟೆ ಒಂದು ಕಡೆ, ಸೂಜಿಗೆ ಜಾರುವ ಟೆರಿಕಾಟು, ನೈಲೆಕ್ಸು ಇನ್ನೊಂದು ಕಡೆ. ನೂಲಿನದರಲ್ಲಿ ಹಸಿರು, ಕೆಂಪು, ನೀಲಿ, ಬಿಳಿ. ಪ್ರತಿ ಬಣ್ಣದಲ್ಲಿ ಸಾದಾ, ಹೂವಿನದು, ಗೆರೆಯದು. ಮನೆಯ ಹೆಂಗಸರ ಹಳೆ ಬಟ್ಟೆಯ ತುಂಡುಗಳೂ ಅವುಗಳಲ್ಲೇ ಸೇರಿದವು. ಗೇಣಿಗಿಂತ ಚಿಕ್ಕ ತುಂಡುಗಳಿಗೆ ಬೇರೆ ಚೀಲ. ಚೀಟಿಗಳು ಕನ್ನಡದಲ್ಲಿದ್ದವು, ಅವಳಿಗೆ ಓದಲು ಬರುತ್ತಿದ್ದುದು ಉರ್ದು. ಮೂರು ವರ್ಷ ದಾಟಿದ್ದು ಯಾವುದು, ದಾಟದ್ದು ಯಾವುದು ಎಂದು ಗಂಡನನ್ನು ಕೇಳಿಯೇ ಬಿಚ್ಚಬೇಕಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಕೇಳಿದರೆ ಅವನು ಬೇಡ ಎನ್ನುತ್ತಿದ್ದ. ಚೀಟಿಗಳನ್ನು ಬಚ್ಚಲ ಒಲೆಗೆ ಹಾಕಿದಳು. ಹಳೆಯ ಸೀರೆಗಳಲ್ಲಿ ಬಣ್ಣಕ್ಕೊಂದು ಗಂಟು ಕಟ್ಟಿ ಸಾಲಾಗಿ ಇಟ್ಟು, ಏಣಿಯ ಮೇಲೆ ನಿಂತು ಬಹಳ ಹೊತ್ತು ನೋಡಿದಳು. ಮದುವೆಯಾಗಿ ಬಂದು ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ಅವಳು ತಾನೇ ಯೋಚಿಸಿ ಮಾಡಿದ ಮೊದಲ ಕೆಲಸ ಅದು. ಶಿವಮೊಗ್ಗದಿಂದ ಬಂದ ಕಮಾಲುದ್ದೀನ್ ಏಣಿ ತೆರವಾದದ್ದನ್ನಷ್ಟೇ ಕಂಡ, ಅಟ್ಟ ಹತ್ತಿ ನೋಡಲಿಲ್ಲ. ಹನ್ನೆರಡು ಕೌದಿಗಳು ಫೆಬ್ರವರಿ ಮುಗಿಯುವುದರೊಳಗೆ ಶೃಂಗೇರಿಗೆ ಹೋದವು.

ಯಮುನಮ್ಮ ಬಂದದ್ದು ಯುಗಾದಿಗೆ ಹದಿನೈದು ದಿನ ಇದ್ದಾಗ. ಜಯಪುರದ ಹತ್ತಿರ ಗದ್ದೆ, ತೋಟ ಇದ್ದ ವಾಸಪ್ಪನವರ ಹೆಂಡತಿ. ಅಂಗಡಿಯ ಮುಂದೆ ಹಬ್ಬದ ಬಟ್ಟೆ ಹಿಡಿದ ಜನ. ಆಕೆ ಎಲ್ಲರೂ ಹೋಗಲಿ ಎಂದು ಬದಿಗೆ ನಿಂತಿದ್ದರು. ಜನ ಕರಗಲಿಲ್ಲ. ಕೊನೆಗೆ ಎಲ್ಲರ ಎದುರೇ ಕೇಳಿದರು.

"ಸಾಯಬ್ರೇ, ನಮ್ಮ ತುಂಗಂಗೆ ನೀವು ಲಂಗ ಹೊಲಿದಿದ್ರಲ್ಲ. ಅದರ ತುಂಡು ಏನಾದ್ರೂ ಉಳಿದಿದೆಯಾ? ಒಂದು ಗೇಣು ಸಾಕು."

ತುಂಗ ಹೋದ ವರ್ಷ ಶ್ರಾವಣದಲ್ಲಿ ಸತ್ತದ್ದು ಕಮಾಲುದ್ದೀನನಿಗೆ ಗೊತ್ತಿತ್ತು. ಹದಿನಾರು ವರ್ಷದ ಹುಡುಗಿ. ಅವನು ಮಿಷನ್ನು ಬಿಟ್ಟು ಎದ್ದು ನಿಂತ.

"ಒಂದು ನೂಲು ಕಳೆದಿಲ್ಲ ಯಮುನಮ್ಮನೋರೇ. ನಮ್ಮಪ್ಪನ ಕಾಲದ ಕ್ರಮ ಇದು. ಮೊನ್ನೆ ದೀಪಾವಳಿಗೆ ಮೊದಲಿನ ದೀಪಾವಳೀದು ಅಲ್ವಾ, ಇರಲೇಬೇಕು. ಆಮಿನಾ! ವಾಸಪ್ಪನವರ ಮನೆ ಗಂಟು ಇಳಿಸು. ಚೀಟಿ ತಂದು ತೋರ್ಸು, ಓದಿ ಹೇಳ್ತೀನಿ."

"ನಾನೇ ಓದ್ಕೊಳ್ತೀನಿ ಬಿಡಿ. ನೀವು ಅವರನ್ನ ನೋಡಿ," ಎಂದು ಯಮುನಮ್ಮ ಪರದೆ ಸರಿಸಿ ಒಳಗೆ ಬಂದರು.

ಒಳಗೆ ಆಮಿನಾ ಗೋಡೆಗೆ ಒರಗಿ ನಿಂತಿದ್ದಳು. ನೀರು ಕೊಟ್ಟಳು. ಚಾಪೆ ಹಾಸಿದಳು. ಆಮೇಲೆ ಮಾಡಲು ಬೇರೆ ಕೆಲಸ ಉಳಿಯಲಿಲ್ಲ.

"ಚೀಟಿ ಇಲ್ಲ ಅಮ್ಮಾ," ಎಂದಳು ಮೆಲ್ಲಗೆ. "ನಾನು ಎಲ್ಲ ಬಿಚ್ಚಿ ಬಣ್ಣದ ಮೇಲೆ ಕಟ್ಟಿಬಿಟ್ಟೆ. ಅವರಿಗೆ ಗೊತ್ತಿಲ್ಲ."

ಯಮುನಮ್ಮ ಚಾಪೆಯ ಮೇಲೆ ಕೂತರು. ಆಮೇಲೆ ಅವಳನ್ನೇ ಸಮಾಧಾನ ಮಾಡುವವರ ಹಾಗೆ ಹೇಳಿದರು: "ಅಯ್ಯೋ, ಚೀಟಿ ಎಂತಕ್ಕೆ ಮಾರಾಯ್ತಿ? ನನ್ನ ಮಗಳ ಬಟ್ಟೆ ನಂಗೆ ಗೊತ್ತಾಗೋದಿಲ್ವ? ವಾರಕ್ಕೆ ಎರಡು ಸಲ ಒಗೆದವಳು ನಾನು. ಹಸಿರು. ಬಿಳೀ ಹೂವಿಂದು."

ಆಮಿನಾ ಹಸಿರು ಹೂವಿನ ಗಂಟು ಇಳಿಸಿ ಚಾಪೆಯ ಮೇಲೆ ಬಿಚ್ಚಿದಳು. ಆ ದೀಪಾವಳಿಗೆ ಪೇಟೆಯ ಜವಳಿ ಅಂಗಡಿಗೆ ಬಂದದ್ದೇ ಅಂಥ ಬಟ್ಟೆಯ ನಾಲ್ಕೈದು ತಾನು. ಅರ್ಧ ತಾಲ್ಲೂಕಿನ ಹುಡುಗಿಯರು ಅದನ್ನೇ ಉಟ್ಟಿದ್ದರು. ಯಮುನಮ್ಮ ಒಂದೊಂದೇ ತುಂಡನ್ನು ತೊಡೆಯ ಮೇಲಿಟ್ಟು, ಅಂಚು ನೇವರಿಸಿ, ಬದಿಗಿಟ್ಟರು. ಇಡುತ್ತಾ ಮಾತಾಡಿದರು.

"ಎಂಟು ದಿನದ ಜ್ವರ. ಎಂತ ಜ್ವರ ಅಂತ ಡಾಕ್ಟ್ರೂ ಹೇಳಲಿಲ್ಲ. ಮಂಗನ ಕಾಯಿಲೆ ಅಂತ ಯಾರೋ ಅಂದ್ರು. ಸುರು ಆಯ್ತು ನೋಡು. ಹಾಸಿಗೆ, ಬಟ್ಟೆ, ರಿಬ್ಬನ್ನು, ಶಾಲೆ ಚೀಲ, ಎಲ್ಲ ಗದ್ದೆ ಬದೀಲಿ ರಾಶಿ ಹಾಕಿ ಸುಟ್ರು. ನಾನು ಬೇಡ ಅನ್ನಲಿಲ್ಲ. ಚಿಕ್ಕ ಮಕ್ಕಳಿದ್ವಲ್ಲ ಮನೇಲಿ. ಸೀಮೆಎಣ್ಣೆ ತಂದ್ಕೊಟ್ಟಿದ್ದೇ ನಾನು."

ಅವರ ಕೈ ನಿಂತಿತು. ಸಣ್ಣ ಬಿಳಿ ಹೂವಿನ ಒಂದು ಮುಮ್ಮೂಲೆ ತುಂಡು. ಅದನ್ನು ಬೆಳಕಿಗೆ ಹಿಡಿದರು, ಮೂಗಿಗೆ ಹಿಡಿದರು.

"ಇದೇ. ಇದೇ ನೋಡು. ನಾನು ಹೇಳಲಿಲ್ವ?" ಮುಖ ಅರಳಿ ಒಮ್ಮೆಲೇ ಹತ್ತು ವರ್ಷ ಕಡಿಮೆಯಾದಂತಾಯಿತು.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದ ಗುಲ್ಜಾರ್ ಬೇಗಂ ಕತ್ತು ಚಾಚಿದರು. "ಅದು ನನ್ನ ಹಳೇ ಲಂಗದ್ದಲ್ವೇನೇ? ನೋಡು, ಮೂಲೇಲಿ ಕಪ್ಪು ದಾರ. ಕಣ್ಣು ಕಾಣದೆ ನಾನೇ ಕಪ್ಪು ದಾರ ಹಾಕಿ ಹೊಲಿದಿದ್ದು."

ಕಪ್ಪು ದಾರ ಇತ್ತು. ಆಮಿನಾ ಅತ್ತೆಯ ಕಡೆ ಕಣ್ಣು ಬಿಟ್ಟಳು. ಮುದುಕಿಗೆ ಅರ್ಥವಾಗಿ, "ನಂಗೇನು ಗೊತ್ತು, ಕುರುಡು ಮುಂಡೇದಕ್ಕೆ" ಎಂದು ಗೊಣಗಿ, ಕುಟ್ಟುಗಲ್ಲಿನ ಮೇಲೆ ಬಾಗಿಕೊಂಡರು. ತಡವಾಗಿತ್ತು.

ಯಮುನಮ್ಮ ತುಂಡನ್ನು ಕೆಳಗಿಟ್ಟರು. ಇನ್ನೊಂದನ್ನು ಎತ್ತಿಕೊಂಡರು. ಈ ಸಲ ಅವರ ಕೈಗೆ ಹಿಂದಿನ ಧೈರ್ಯ ಇರಲಿಲ್ಲ.

"ತುಂಗಂದು ಹೂವು ಇಷ್ಟು ದೊಡ್ಡದಿತ್ತಾ? ಇದಕ್ಕಿಂತ ಚಿಕ್ಕದಾ?"

ಆಮಿನಾ ಇನ್ನೆರಡು ತುಂಡುಗಳನ್ನು ಅವರ ಮುಂದೆ ಸರಿಸಿದಳು.

"ಹಸಿರೇ ಹೌದನಾ? ನೀಲಿದೂ ಒಂದಿತ್ತು. ನೀಲಿ ಹೊಲಿಸಿದ್ದು ಇವಳಿಗಾ, ಚಿಕ್ಕವಳಿಗಾ?"

ನೀಲಿಯ ಗಂಟನ್ನೂ ಇಳಿಸಿದ್ದಾಯಿತು. ಚಾಪೆ ತುಂಬಿ ನೆಲದ ಮೇಲೂ ತುಂಡುಗಳು ಹರಡಿದವು. ಹೊರಗೆ ಕಮಾಲುದ್ದೀನ್ ಯಾರದೋ ಎದೆ ಅಳತೆಯನ್ನು ಗಟ್ಟಿಯಾಗಿ ಹೇಳುತ್ತಿದ್ದ. ಯಮುನಮ್ಮ ಕಣ್ಣು ಮುಚ್ಚಿ ಕೂತರು.

"ನಡೆದು ಬರೋದು ಕಾಣ್ತದೆ. ಜಡೆ ಕಾಣ್ತದೆ. ಚಪ್ಪಲಿ ಉಂಗುಷ್ಠ ಕಿತ್ತು ಪಿನ್ನು ಹಾಕ್ಕೊಂಡಿದ್ದು ಕಾಣ್ತದೆ. ಲಂಗ ಕಾಣ್ತಿಲ್ಲ." ಕಣ್ಣು ತೆರೆದರು. "ಏಳು ತಿಂಗಳು ಕಣೇ ಆಗಿದ್ದು. ಏಳೇ ತಿಂಗಳು."

ಆ ಮಾತಿಗೆ ಗುಲ್ಜಾರ್ ಬೇಗಂ ಕುಟ್ಟುವುದನ್ನು ನಿಲ್ಲಿಸಿದರು.

"ನೀನು ಬಟ್ಟೆ ಬಲ್ಲವಳು," ಎಂದರು ಯಮುನಮ್ಮ. "ನೀನೇ ಒಂದು ತೆಗೆದು ಕೊಡು. ಇದು ಅವಳದ್ದು ಅಂತ ಹೇಳಿಬಿಡು. ನಾನು ನಂಬ್ತೀನಿ."

ಆಮಿನಾ ಬಾಗಿದಳು. ಕೈಗೆ ಸಿಕ್ಕ ಒಂದು ಹಸಿರು ತುಂಡನ್ನು ಹಿಡಿದಳು. ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಒಳ್ಳೆಯ ದೊಡ್ಡ ಹಸಿರು ತುಂಡುಗಳನ್ನೆಲ್ಲ ಅವಳು ಮೊದಲೇ ಆರಿಸಿ ಲಾಡ್ಜಿನ ಕೌದಿಗಳಿಗೆ ಹಾಕಿದ್ದಳು. ತುಂಗನ ಲಂಗದ ತುಂಡು ಇದ್ದಿದ್ದರೆ ಈಗ ಅದನ್ನು ಹೊದ್ದು ಯಾವ ಊರಿನ ಯಾತ್ರಿಕರೋ ಮಲಗುತ್ತಿರಬೇಕು. ಇಲ್ಲಿ ಉಳಿದದ್ದು ಅವಳಿಗೆ ಬೇಡವಾದದ್ದು. ಅದನ್ನು ಎತ್ತಿ ಈ ಹೆಂಗಸಿನ ಕೈಗೆ ಇಡಲು ಅವಳಿಂದಾಗಲಿಲ್ಲ.

"ಗೊತ್ತಿಲ್ಲ ಅಮ್ಮಾ," ಎಂದಳು.

ಯಮುನಮ್ಮ ತಲೆ ಆಡಿಸಿದರು. ಆಮೇಲೆ ಅವರು ತುಂಡುಗಳನ್ನು ಒಟ್ಟು ಮಾಡಲು ತೊಡಗಿದರು. ಆಮಿನಾ ಬೇಡವೆಂದರೂ ಬಿಡಲಿಲ್ಲ. ಮಡಿಸಿ, ಅಂಗೈಯಿಂದ ಒತ್ತಿ ನೆರಿಗೆ ತೆಗೆದು, ಹಸಿರನ್ನು ಹಸಿರಿಗೆ, ನೀಲಿಯನ್ನು ನೀಲಿಗೆ ಜೋಡಿಸಿದರು. ಒಂದು ತುಂಡು ಎರಡೂ ಬಣ್ಣದ್ದಿತ್ತು. "ಇದು ಯಾವುದರೊಳಗೆ?" ಎಂದು ಕೇಳಿದರು. ಆಮಿನಾ ಹೇಳಿದ ಕಡೆ ಇಟ್ಟರು. ಎರಡು ಗಂಟುಗಳನ್ನೂ ಬಿಗಿಯಾಗಿ ಕಟ್ಟಿ ಎದ್ದರು. ಅವರ ಕೈಯಲ್ಲಿ ಏನೂ ಇರಲಿಲ್ಲ.

ಪರದೆಯ ಆಚೆ ಕಮಾಲುದ್ದೀನನ ಧ್ವನಿ ಕೇಳಿತು. "ಸಿಕ್ತಾ ಯಮುನಮ್ಮನೋರೇ?"

ಯಮುನಮ್ಮ ಪರದೆ ಸರಿಸಿ ಹೊರಗೆ ಹೋದರು.

"ಸಿಕ್ತು ಸಾಯಬ್ರೇ," ಎಂದರು ಯಮುನಮ್ಮ. ಪರದೆಯ ಸೀಳಿನಲ್ಲಿ ಅವರು ಸೊಂಟದ ಸೆರಗಿನ ಗಂಟನ್ನು ತಟ್ಟಿ ತೋರಿಸಿದ್ದು ಆಮಿನಾಳಿಗೆ ಕಂಡಿತು. "ನಿಮ್ಮ ಹೆಂಡ್ತಿ ಜೋಪಾನವಾಗಿ ಇಟ್ಟಿದ್ರು."

"ನೋಡಿ!" ಎಂದ ಅವನು, ಅಂಗಡಿಯಲ್ಲಿದ್ದವರಿಗೆಲ್ಲ. "ದರ್ಜಿ ಕಳ್ಳ ಅಂತೀರಲ್ಲ ಮಾರಾಯ್ರೆ, ಈಗ ಹೇಳಿ!" ಜನ ನಕ್ಕರು. ಅವನ ಖುಷಿಗೆ ಮಿತಿ ಇರಲಿಲ್ಲ. ಆ ವಾರವೆಲ್ಲ ಬಂದ ಬಂದವರಿಗೆ ಅದನ್ನೇ ಹೇಳಿದ. ಆಮಿನಾ ಕೇಳಿಸಿಕೊಂಡಳು. ಪ್ರತಿ ಸಲ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡಳು. ರಾಶಿ ಹಬ್ಬದ ಬಟ್ಟೆ ಇತ್ತು, ಗುಂಡಿ ಹಾಕಬೇಕಿತ್ತು, ಕಾಜಾ ಹೊಲಿಯಬೇಕಿತ್ತು. ಹೇಳಲಿಲ್ಲ.

ಮಾತು ಬಸ್ಸು ಹತ್ತಿ ಊರೂರು ತಿರುಗಿತು. ಯುಗಾದಿ ಕಳೆದ ಮೂರನೆಯ ದಿನ ಮಧ್ಯಾಹ್ನ ಒಬ್ಬ ಮುದುಕ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತ. ಕೆರೆಕಟ್ಟೆಯ ಜಟ್ಟಪ್ಪ. ಅವನ ಮಗ ಇಲ್ಲೇ ಕೊಪ್ಪದ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದು, ಎರಡು ವರ್ಷದ ಹಿಂದೆ ನಾಟಾ ದಿಮ್ಮಿ ಉರುಳಿ ಸತ್ತಿದ್ದ. ಸಾಯುವ ಮೊದಲು ತನ್ನ ಮದುವೆಗೆಂದು ಈ ಅಂಗಡಿಯಲ್ಲೇ ಒಂದು ಅಂಗಿ ಹೊಲಿಸಿದ್ದನಂತೆ. ಅದನ್ನು ಹಾಕಿಯೇ ಹೂಳಿದರಂತೆ.

"ಶೃಂಗೇರಿ ಬಸ್ಸಲ್ಲಿ ಕೇಳ್ದೆ," ಎಂದ ಜಟ್ಟಪ್ಪ. "ನೀವು ಇಟ್ಕೊಂಡಿರ್ತೀರಂತೆ."

"ಎರಡೇ ವರ್ಷ ಅಲ್ವಾ ಅಜ್ಜಾ, ಇರ್ತದೆ," ಎಂದ ಕಮಾಲುದ್ದೀನ್. "ಆಮಿನಾ! ಕೇಳ್ತಾ?"

ಕೇಳಿತ್ತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಪರದೆ ಸರಿಸಿ ಅಂಗಡಿಗೇ ಬಂದಳು. ಗಿರಾಕಿಗಳಿದ್ದಾಗ ಅವಳು ಹಾಗೆ ಬರುವುದಿರಲಿಲ್ಲ. ಕಮಾಲುದ್ದೀನ್ ಬೆರಗಾಗಿ ನೋಡಿದ.

"ಇಲ್ಲ," ಎಂದಳು. "ಯಾರದ್ದೂ ಇಲ್ಲ. ಜನವರೀಲಿ ಗಂಟೆಲ್ಲ ಬಿಚ್ಚಿ ಕಲಸಿಬಿಟ್ಟೆ. ಚೀಟಿ ಒಲೆಗೆ ಹಾಕಿದೆ."

ಮಿಷನ್ನಿನ ಪೆಡಲಿನ ಮೇಲೆ ಅವನ ಕಾಲು ನಿಂತಿತು. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬೈಯಲಿಲ್ಲ. ಕೇಳಿದ್ದು ಬೇರೆಯದನ್ನು.

"ಹಾಗಾದ್ರೆ ಯಮುನಮ್ಮ? ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋದ್ರಲ್ಲ?"

"ಏನೂ ಇರಲಿಲ್ಲ."

ಕಮಾಲುದ್ದೀನ್ ಕತ್ತರಿಯನ್ನು ಎತ್ತಿ ಮೇಜಿನ ಆ ಬದಿಗಿಟ್ಟ. ಮತ್ತೆ ಎತ್ತಿ ಈ ಬದಿಗಿಟ್ಟ. ಜಟ್ಟಪ್ಪ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಇವರು ಯಾರ ವಿಷಯ ಮಾತಾಡುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ತನಗೆ ಬೇಕಾದ್ದು ಇಲ್ಲ ಎಂಬುದಷ್ಟು ತಿಳಿದಿತ್ತು.

"ಹಂಗಾದ್ರೆ ನಾನು ಎರಡೂವರೆ ಬಸ್ಸು ಹಿಡೀಲಾ?" ಎಂದು ಕೇಳಿದ. "ಅದು ತಪ್ಪಿದ್ರೆ ಶೃಂಗೇರಿಯಿಂದ ಮುಂದೆ ನಮ್ಮೂರಿಗೆ ಮತ್ತೆ ಬಸ್ಸಿಲ್ಲ."

ಆಮಿನಾ ಒಳಗಿನಿಂದ ನೀರು ತಂದು ಅವನ ಪಕ್ಕ ಇಟ್ಟಳು. ಅವನು ಇನ್ನೂ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದ.