ಹನ್ನೊಂದು ಗಂಟೆಯ ಲೈನು

ಭದ್ರಾವತಿಯ ನಮ್ಮ ಬೀದಿಯಲ್ಲಿ ಹಳೆಯ ತಾಮ್ರದ ತಂತಿಯ ಫೋನು ಉಳಿದಿರುವುದು ನನ್ನ ಮನೆಯಲ್ಲಿ ಮಾತ್ರ. ಆ ತಂತಿ ಎಳೆದವನೂ ನಾನೇ. ಮೂವತ್ತೊಂದು ವರ್ಷ ಟೆಲಿಫೋನ್ ಕಂಬ ಹತ್ತಿದ್ದೇನೆ. ಮೊಬೈಲು ಇಟ್ಟುಕೊಂಡಿಲ್ಲ. ಶಿವಮೊಗ್ಗದ ಕಾಲೇಜು ಮೇಷ್ಟ್ರು ನಿರಂಜನ ನನ್ನನ್ನು ಹುಡುಕಿಕೊಂಡು ಬಂದದ್ದು ಆ ತಂತಿಗಾಗಿ.

ಅವನಿಗೂ ಅವನ ಗೆಳೆಯ ಸುದರ್ಶನನಿಗೂ ಹಳೆಯ ಕಂಪ್ಯೂಟರ್ ಕೂಡಿಡುವ ಹುಚ್ಚು. ಗುಜರಿಗೆ ಹೋದದ್ದನ್ನು ತಂದು ಒರೆಸಿ ಇಡುತ್ತಾರೆ. ಈಗ ಅದರಲ್ಲೊಂದು ಬುಲೆಟಿನ್ ಬೋರ್ಡು ಕಟ್ಟಿದ್ದರು. ಬೇರೆ ಊರಿನ ಇಂಥದೇ ಹುಚ್ಚಿನವರು ತಮ್ಮ ಕಂಪ್ಯೂಟರಿನಿಂದ ನನ್ನ ನಂಬರಿಗೆ ಫೋನು ಹಚ್ಚಿದರೆ ಈ ಪೆಟ್ಟಿಗೆ ಎತ್ತಿಕೊಳ್ಳುತ್ತದೆ, ಅವರು ಬರೆದದ್ದನ್ನು ಇಟ್ಟುಕೊಂಡು ಮುಂದಿನವನಿಗೆ ಓದಿಸುತ್ತದೆ. ಒಂದು ಸಲಕ್ಕೆ ಒಬ್ಬನೇ. ಇಷ್ಟಕ್ಕೆ ಮೂರು ವರ್ಷ. ಜಗತ್ತನ್ನೆಲ್ಲ ಕಿಸೆಯಲ್ಲಿಟ್ಟುಕೊಂಡವರಿಗೆ, ಪಾಪ, ಮಾಡಲು ಬೇರೆ ಏನೂ ಸಿಗಲಿಲ್ಲ.

ಪರೀಕ್ಷೆಗೆ ಒಪ್ಪಿದೆ, ಒಂದು ಮಾತಿನ ಮೇಲೆ. ಹೊಳೆಹೊನ್ನೂರಿನ ನನ್ನ ಅಕ್ಕ ಸಣ್ಣಮ್ಮನ ಆಪರೇಷನ್ ಆದ ಕಣ್ಣಿನ ಪಟ್ಟಿಯನ್ನು ಪರೀಕ್ಷೆಯ ದಿನವೇ ಬೆಳಿಗ್ಗೆ ಬಿಚ್ಚುವವರಿದ್ದರು. ದೃಷ್ಟಿ ಬಂತೋ ಇಲ್ಲವೋ ಎಂದು ಹನ್ನೊಂದಕ್ಕೆ ಫೋನು ಮಾಡುತ್ತಾಳೆ. ಅಷ್ಟರೊಳಗೆ ಲೈನು ಬಿಟ್ಟುಕೊಡಬೇಕು.

"ಹತ್ತೂವರೆಗೇ ಮುಗಿಸ್ತೀವಿ ಕೆಂಚಪ್ಪನೋರೆ" ಅಂದ ನಿರಂಜನ.

ಒಂಬತ್ತಕ್ಕೆ ನನ್ನ ಫೋನಿನ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಕುಂಕುಮ ಹಚ್ಚಿ ಕೂತ. ಸುದರ್ಶನ ಶಿವಮೊಗ್ಗದ ರವೀಂದ್ರನಗರದ ತನ್ನ ಮಾವನ ಮನೆಯಿಂದ ಫೋನು ಹಚ್ಚಿದ. ಪೆಟ್ಟಿಗೆ ಕಿರುಚಿತು, ಲೈನು ಕಡಿಯಿತು. ಮತ್ತೆ ಕಿರುಚಿತು, ಮತ್ತೆ ಕಡಿಯಿತು. ಎಷ್ಟೋ ಸಲ ಆದ ಮೇಲೆ ಪರದೆಯಲ್ಲಿ ಅಕ್ಷರ ಮೂಡಿತು. ಏನು ಬರೆದಿದ್ದಾನೆಂದು ಕೇಳಿದೆ. 'ಟೆಸ್ಟಿಂಗ್' ಅಂತೆ. ನಿರಂಜನ ಉತ್ತರ ಬರೆದ: 'ಟೆಸ್ಟಿಂಗ್ ಓಕೆ.' ಆಮೇಲೆ ಇಬ್ಬರೂ ಅದರ ಬಗ್ಗೆಯೇ ಮೊಬೈಲಿನಲ್ಲಿ ಅರ್ಧ ಗಂಟೆ ಮಾತಾಡಿದರು.

ಕಂಬದ ಮೇಲೆ ಕೂತು ನಾವೂ ಲೈನು ಪರೀಕ್ಷೆ ಮಾಡುತ್ತಿದ್ದೆವು. ಆದರೆ ಕೆಳಗೆ ಯಾರೋ ಹೆರಿಗೆಯ ಸುದ್ದಿಗೋ ಸಾವಿನ ಸುದ್ದಿಗೋ ಕಾದು ನಿಂತಿರುತ್ತಿದ್ದರು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಲೈನು ಬಿಡಿ ಎಂದೆ. ಇನ್ನೊಂದೇ ಸಲ ಎಂದ ನಿರಂಜನ. ಅಷ್ಟರಲ್ಲಿ ರಿಂಗಾಯಿತು. ಸುದರ್ಶನ ತಾನು ಹಚ್ಚಿಲ್ಲವೆಂದು ಮೊಬೈಲಿನಲ್ಲಿ ಹೇಳಿದ. ನನ್ನ ನಂಬರನ್ನು ಇವರು ವಾರದ ಹಿಂದೆಯೇ ಎಲ್ಲೆಲ್ಲಿಗೋ ಹಂಚಿದ್ದರಂತೆ. ನಿರಂಜನನ ಮುಖ ಮದುಮಗನಂತೆ ಅರಳಿತು.

"ಹೊರಗಿನೋರು ಯಾರೋ ಬಂದ್ರು, ಕೆಂಚಪ್ಪನೋರೆ. ನಮ್ಮ ಮೊದಲನೇ ಮೆಂಬರ್."

ನಾನು ಗಡಿಯಾರ ನೋಡಿದೆ, ಹನ್ನೊಂದು. ಪೆಟ್ಟಿಗೆ ಆಗಲೇ ನನ್ನ ಅಕ್ಕನ ಕಿವಿಗೆ ಕಿರುಚತೊಡಗಿತ್ತು. ತಂತಿಗೆ ಕೈ ಹಾಕಿದೆ.

"ಮುಟ್ಟಬೇಡಿ, ಕಟ್ಟಾಗ್ತದೆ."

ಈ ಕಡೆ ಕಿತ್ತರೂ, ಆ ಕಡೆಯವರು ಕೆಳಗಿಡದಿದ್ದರೆ ಲೈನು ಕೆಲವು ಕ್ಷಣ ಜೀವ ಹಿಡಿದಿರುತ್ತದೆ. ಮೇಷ್ಟ್ರಿಗೆ ಇದು ಗೊತ್ತಿಲ್ಲ. ಅಕ್ಕ ಅಷ್ಟು ಬೇಗ ಕೆಳಗಿಡುವವಳಲ್ಲ ಎಂಬುದಂತೂ ಗೊತ್ತೇ ಇಲ್ಲ. ಪೆಟ್ಟಿಗೆಯಿಂದ ತಂತಿ ಕಿತ್ತು ನನ್ನ ಫೋನಿಗೆ ಸಿಕ್ಕಿಸಿ ರಿಸೀವರ್ ಎತ್ತಿದೆ.

"ಯಾವನೋ ಅವನು, ಗಂಟಲಿಗೆ ಮುಳ್ಳು ಸಿಕ್ಕಂಗೆ ಕಿರುಚ್ತಿದ್ದ?" ಅಂದಳು ಅಕ್ಕ.

"ಕಾಲೇಜ್ ಮೇಷ್ಟ್ರು ಬಂದವ್ರೆ. ಕಣ್ಣು ಹೆಂಗೈತೆ ಹೇಳು."

"ನಂಬರ್ ನಾನೇ ನೋಡ್ಕಂಡು ಒತ್ತಿದೀನಿ ಕಣೋ ಕೆಂಚ."

ಲೈನು ಯಾವಾಗ ಬಿಡುತ್ತೀರಿ ಎಂದು ನಿರಂಜನ ಕೈಸನ್ನೆ ಮಾಡಿದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಅಲ್ಲಿ ಏನೇನು ಕಾಣಿಸುತ್ತಿದೆಯೋ ಒಂದೊಂದಾಗಿ ಹೇಳು, ಅವಸರ ಮಾಡಬೇಡ ಎಂದೆ ಅಕ್ಕನಿಗೆ. ಅವಳು ಬಾಗಿಲ ಚಿಲಕದಿಂದ ಶುರು ಮಾಡಿದಳು.