ಎದ್ದು ನಿಂತವರು

ಅಕ್ಕ ಗಿರಿಯಮ್ಮನ ಉಸಿರು ಐದು ದಿನ ನಮ್ಮ ಕೈಯಲ್ಲಿತ್ತು. ಮಾತಿಗೆ ಹೇಳುತ್ತಿಲ್ಲ. ಅವಳ ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟಿದ್ದರು. ನಳಿಗೆಯ ತುದಿಗೆ ಕರಿ ರಬ್ಬರಿನ ಚೀಲ. ಚೀಲ ಒತ್ತಿದರೆ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಒತ್ತದಿದ್ದರೆ ಏಳುತ್ತಿರಲಿಲ್ಲ.

ತುರ್ವಿಹಾಳದಲ್ಲಿ ಗಂಡನ ಮನೆಯ ಭತ್ತದ ಕಣ ಕಾಯುತ್ತ ಮಲಗಿದ್ದಾಗ ಹಾವು ಕಚ್ಚಿತ್ತು. ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಭತ್ತಕ್ಕೆ ಇಲಿ ಬಂದವು, ಇಲಿಗಳ ಹಿಂದೆ ಇವು ಬಂದವು. ಬೆಳಗ್ಗೆ ಅಕ್ಕನಿಗೆ ರೆಪ್ಪೆ ಎತ್ತಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಿಂಗಸುಗೂರಿನ ಎಂಟು ಮಂಚದ ದವಾಖಾನೆಯಲ್ಲಿ ಹೆಣದ ಹಾಗೆ ಬಿದ್ದಿದ್ದಳು. ನಾನು ಕಾಲುವೆಯ ಹೂಳು ಎತ್ತುವ ಗ್ಯಾಂಗಿನಲ್ಲಿದ್ದೆ. ಸುದ್ದಿ ಕೇಳಿ ಗುದ್ದಲಿ ಅಲ್ಲೇ ಬಿಸಾಕಿ ಬಂದೆ.

ಡಾಕ್ಟರು ನಮ್ಮನ್ನೆಲ್ಲ ಮಂಚದ ಸುತ್ತ ನಿಲ್ಲಿಸಿಕೊಂಡು ಹೇಳಿದರು: "ವಿಷ ನರಕ್ಕ ಹತ್ಯದ. ಆಕಿ ಸತ್ತಿಲ್ಲ, ಎಚ್ಚರ ಅದಾಳ. ನೀವು ಮಾತಾಡೋದೆಲ್ಲಾ ಆಕೀಗೆ ಕೇಳಸ್ತದ. ವಿಷ ಇಳಿಯೋತನಕ ಉಸುರು ಕೊಟ್ರ ಎದ್ದು ಕೂಡ್ತಾಳ. ಐದು ದಿನ ಆಗಬಹುದು, ಎಂಟೂ ಆಗಬಹುದು. ನನ್ನ ಹತ್ರ ಮಶೀನಿಲ್ಲ. ನಿಮ್ಮ ಕೈನೇ ಮಶೀನು."

ಮೊದಲು ಗಂಡಸರೇ ಕೂತೆವು. ನಾನು, ಅಕ್ಕನ ಗಂಡ ಮಾಳಿಂಗಪ್ಪ, ಅವನ ಇಬ್ಬರು ದಾಯಾದಿಗಳು. ಎತ್ತು ಕಟ್ಟಿ ಗದ್ದೆ ಉಳುವ ತೋಳುಗಳು ಅರ್ಧ ಗಂಟೆಗೆ ಸೋತವು. ಒಬ್ಬ ಜೋರಾಗಿ ಒತ್ತುತ್ತಿದ್ದ, ಒಬ್ಬ ಒತ್ತುತ್ತಲೇ ತೂಕಡಿಸುತ್ತಿದ್ದ. ನರ್ಸು ಮೆಹರಬಾನು ಬೈದಳು: "ಏನ್ರೋ, ಸೈಕಲ್ಲಿಗೆ ಗಾಳಿ ಹೊಡ್ಯಾಕತ್ತೀರೇನು? ಅದು ಹೆಣ್ಮಗಳ ಎದಿ ಐತಿ!"

ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಅಕ್ಕನ ಅತ್ತೆ ಮುದುಕಮ್ಮ ಎದ್ದು ಬಂದಳು.

"ಸರೀರೋ. ಹೊತ್ತು ಹೊಂಡೂದ್ರಾಗ ನಾಕು ಸೇರು ಜ್ವಾಳ ಬೀಸೋ ಕೈ ಇದು."

ಚೀಲ ಹಿಡಿದು ಬೀಸುವ ಪದ ಗುನುಗತೊಡಗಿದಳು. ಒಂದು ಸಾಲಿಗೆ ಒಂದು ಉಸಿರು. ಕಲ್ಲು ಸುತ್ತಿದ ಹಾಗೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಮೆಹರಬಾನು ಕೈಗಡಿಯಾರ ನೋಡಿ, "ಹಿಂಗ! ಈ ಮುದುಕೀನ ನೋಡಿ ಕಲೀರಿ" ಎಂದಳು. ಮದುವೆಯಾದ ನಾಲ್ಕು ವರ್ಷದಲ್ಲಿ ಅಕ್ಕನಿಗೆ ಈ ಅತ್ತೆ ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಈಗ ಕಿವಿಯ ಹತ್ತಿರ ಬಗ್ಗಿ, "ಗಿರೆವ್ವಾ, ಅಂಜಬ್ಯಾಡ, ನಾ ಅದೀನಿ" ಎನ್ನುತ್ತಿದ್ದಳು. ಅವಳು ಉಣ್ಣಲು ಎದ್ದಾಗ, ಕಣ್ಣು ಮುಚ್ಚಿದಾಗ ನಾನು ಕೂರುತ್ತಿದ್ದೆ. ಅವಳ ಪದವನ್ನೇ ಗುನುಗುತ್ತಿದ್ದೆ.

ಮೂರನೆಯ ದಿನ ಗೋಪಣ್ಣ ಬಂದ. ಮುದುಕಮ್ಮನ ತೀರಿಹೋದ ಗಂಡನ ಅಣ್ಣ, ಆ ಮನೆಯ ಹಿರಿಯ. ಅಂಗಳದಲ್ಲಿ ಅವನ ಕೆಮ್ಮು ಕೇಳಿದರೆ ಮನೆಯ ಹೆಂಗಸರು ಕೈಯಲ್ಲಿದ್ದದ್ದು ಬಿಟ್ಟು ಎದ್ದು, ತಲೆಯ ಮೇಲೆ ಸೆರಗೆಳೆದು ಗೋಡೆಗೆ ಸರಿಯುತ್ತಿದ್ದರು. ಅವತ್ತು ಅವನು ವಾರ್ಡಿನ ಒಳಗೆ ಬರಲಿಲ್ಲ. ಕಿಟಕಿಯ ಹೊರಗೆ ನಿಂತೇ ಮಾತಾಡಿದ. ಒಳಗೆ ಚೀಲ ನನ್ನ ಕೈಯಲ್ಲಿತ್ತು.

"ಭತ್ತ ಕೊಯ್ದು ಬಿದ್ದೈತಿ. ಐದು ಮಂದಿ ಇಲ್ಲಿ ಕುಂತೀರಿ. ನಾವು ಒತ್ತಿದ ಗಾಳಿ ಆಕಿ ಉಸುರು ಹ್ಯಾಂಗಾದೀತು? ಮುತ್ತೈದಿಯಾಗಿ ಗಂಡನ ಮನ್ಯಾಗ ಹೋಗಲಿ. ಮಾಳಿಂಗ, ಏನಂತಿ?"

"ನೀ ಹೇಳ್ದಂಗ, ದೊಡ್ಡಪ್ಪ" ಎಂದ ಮಾಳಿಂಗಪ್ಪ. ಆ ಗಂಡಸಿನ ಬಾಯಲ್ಲಿ ಅದಕ್ಕಿಂತ ಉದ್ದದ ಮಾತು ನಾನು ಇವತ್ತಿಗೂ ಕೇಳಿಲ್ಲ.

"ಬದುಕ್ತಾಳಂತ ಡಾಕ್ಟರ್ ಹೇಳ್ಯಾರ, ಮಾವ!" ಎಂದು ಒಳಗಿಂದಲೇ ಕೂಗಿದೆ.

"ಡಾಕ್ಟರ್ ಹೇಳ್ಯಾನ. ದುರಗಮ್ಮ ಹೇಳಿಲ್ಲ. ಹೂ ಕೇಳೂಣು."

"ಮೊದಲು ಅಕ್ಕನ್ನ ಕೇಳ್ರಿ. ಆಕೀಗೆ ಎಲ್ಲಾ ಕೇಳಸ್ತೈತಿ."

"ಯಮನೂರ, ನೀ ಹೆಣ್ಣು ಕೊಟ್ಟಾವ. ಕೊಟ್ಟ ಮ್ಯಾಲ ನಿಂದೇನೈತಿ? ಒತ್ತಾಕತ್ತೀಯಲ್ಲ, ಒತ್ತು. ಅದಕ್ಕ ಬ್ಯಾಡ ಅಂದವ್ರ‍್ಯಾರು?"

ಹೊರಗೆ ಒಂದಿಬ್ಬರು ನಕ್ಕರು. ನಾನು ಅಕ್ಕನ ಮುಖ ನೋಡಿದೆ. ಅರೆಮುಚ್ಚಿದ ಕಣ್ಣು, ಅಲುಗದ ತುಟಿ. ಅದನ್ನೆಲ್ಲ ಕೇಳಿಕೊಂಡು ಅಲ್ಲಿ ಬಿದ್ದಿದ್ದಳು.

ಹೂ ಕೇಳುವುದೆಂದರೆ, ಗುಡಿಯಲ್ಲಿ ದುರಗಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಚೀಲ ಒತ್ತುವುದು. ಎಡಗಡೆಯದು ಬಿದ್ದರೆ ಬಿಡುವುದು. ಅಷ್ಟು ದೊಡ್ಡ ಜೀವ ಎರಡು ಕಣಗಿಲೆ ಹೂವಿಗೆ ಬಂದು ನಿಂತಿತು. ಗೋಪಣ್ಣ ಊರಿಗೆ ಹೋದ, ಮಾಳಿಂಗಪ್ಪನೂ ದಾಯಾದಿಗಳೂ ಅವನ ಹಿಂದೆ ಹೋದರು.

ಐದನೆಯ ದಿನ ಬೆಳಗ್ಗೆ ಮುದುಕಮ್ಮ ಒತ್ತುತ್ತಿದ್ದಳು. ನಾನು ಪಕ್ಕದಲ್ಲಿ ನೆಲಕ್ಕೆ ಕೂತು ರೊಟ್ಟಿ ಮುರಿಯುತ್ತಿದ್ದೆ. ಬಿಸಿಲು ಅಕ್ಕನ ಪಾದದ ಮೇಲೆ ಬಿದ್ದಿತ್ತು. ಕಾಲುಂಗುರ ಮಿನುಗಿತು.

"ಅತ್ತಿ! ಬೆರಳು ಅಳ್ಳಾಡಿತು!"

"ಖರೇನ? ಗಿರೆವ್ವಾ, ಇನ್ನೊಮ್ಮೆ ಅಳ್ಳಾಡಿಸವ್ವಾ, ನನ್ನ ಬಂಗಾರ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೆರಳು ಅಲುಗಿತು. ಬಹಳ ಭಾರದ್ದೇನನ್ನೋ ಎತ್ತಿದ ಹಾಗೆ, ಒಂದೇ ಸಲ. ಮುದುಕಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ಪದ ಬಿಡಲಿಲ್ಲ, ಕೈ ಬಿಡಲಿಲ್ಲ. ಮೆಹರಬಾನು ಡಾಕ್ಟರನ್ನು ಕರೆಯಲು ಅವರ ಮನೆಗೆ ಓಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿತು.

ಮಸ್ಕಿ ಕಡೆಯ ಬಸ್ಸಿಳಿದು ಗೋಪಣ್ಣ ಬಂದಿದ್ದ. ಹಿಂದೆ ಮೂವರು ಹಿರಿಯರು, ಅವರ ಹಿಂದೆ ಮಾಳಿಂಗಪ್ಪ. ಗೋಪಣ್ಣನ ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಭಂಡಾರ, ಗುಡಿಯ ಅರಿಶಿನವಿತ್ತು.

"ಎಡಕ್ಕ ಆತು" ಎಂದ. "ಅಮ್ಮ ಅಪ್ಪಣಿ ಕೊಟ್ಟಾಳ."

ನಾನು ಎದ್ದೆ. "ಬೆರಳು ಅಳ್ಳಾಡಿಸ್ಯಾಳ! ಈಗಿಂದೀಗ! ಯಾರು ಚೀಲ ಮುಟ್ತೀರಿ ನೋಡ್ತೀನಿ!" ಅವನ ಹೆಗಲ ಮೇಲಿನ ವಲ್ಲಿಗೆ ಕೈ ಹಾಕಿದೆ. ಹಿರಿಯರು ನನ್ನ ತೋಳು ಹಿಡಿದರು. "ಬಿಡಲೇ! ಹಿರೇರ ಮೈಮ್ಯಾಲ ಹೊಕ್ಕಿಯಾ?" ಎಂದ ಒಬ್ಬ. ನಾನು ಇನ್ನೇನೇನೋ ಬೈದೆ. ಐದು ದಿನ ಒಳಗೆ ಹಿಡಿದಿದ್ದೆಲ್ಲ ಬಾಯಿಗೆ ಬಂತು.

ಗೋಪಣ್ಣ ವಲ್ಲಿ ಸರಿಮಾಡಿಕೊಂಡ. "ಆತಪಾ. ಅಳ್ಳಾಡಿಸ್ಯಾಳಂದ್ರ ತೋರ್ಸು. ನಾ ಏನು ಕಟುಕ ಅದೀನೇನು? ತೋರ್ಸು, ನೋಡೂಣು."

ಎಲ್ಲರೂ ಅಕ್ಕನ ಕಾಲ್ಬೆರಳು ನೋಡುತ್ತ ನಿಂತೆವು.

"ಅಕ್ಕಾ, ಒಮ್ಮೆ" ಎಂದೆ. "ಅಕ್ಕಾ, ಒಂದೇ ಒಮ್ಮೆ."

ಕಾಲುಂಗುರ ಮಿನುಗಲಿಲ್ಲ. ನಾನು ಕಾದೆ. ಅವರೂ ಕಾದರು. ಅಷ್ಟು ಜನ ಅಷ್ಟು ಹೊತ್ತು ಅವಳನ್ನು ಯಾವತ್ತೂ ನೋಡಿರಲಿಲ್ಲ.

ಬಾಗಿಲಲ್ಲಿ ಮೆಹರಬಾನು ಚೀರಿದಳು. "ಯಾ ಅಲ್ಲಾ! ಚೀಲ ಯಾರು ಒತ್ತಾಕತ್ತೀರಿ?"

ತಿರುಗಿ ನೋಡಿದೆ. ಚೀಲ ದಿಂಬಿನ ಮೇಲೆ ಒಂದೇ ಬಿದ್ದಿತ್ತು. ಮುದುಕಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಆತು ನಿಂತಿದ್ದಳು. ಕೆಮ್ಮು ಕೇಳಿದಾಗಲೇ ಎದ್ದಿದ್ದಳು. ಸೆರಗಿನೊಳಗೆ ಅವಳ ಬಲಗೈ ಮುಚ್ಚುತ್ತಿತ್ತು, ತೆರೆಯುತ್ತಿತ್ತು.

ಮೆಹರಬಾನು ಒತ್ತಿದಳು, ಡಾಕ್ಟರು ಬಂದು ಒತ್ತಿದರು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅದರೊಳಗೆ ಅಕ್ಕ ಇರಲಿಲ್ಲ.

ಗೋಪಣ್ಣ ಭಂಡಾರ ಬಿಚ್ಚಿ ಅವಳ ಹಣೆಗೆ ಹಚ್ಚಿದ. "ನಾವು ಯಾರೂ ಕೈ ಹಚ್ಚಲಿಲ್ಲ. ಅಮ್ಮನೇ ಕರಕೊಂಡ್ಲು" ಎಂದ. ಹಿರಿಯರು ಕೈಮುಗಿದರು. ತುರ್ವಿಹಾಳದಲ್ಲಿ ಇವತ್ತಿಗೂ ಅದನ್ನೇ ಹೇಳುತ್ತಾರೆ. ಅಪ್ಪಣೆಯ ಮಾತು ಒಳಗೆ ಬಂದದ್ದೇ ತಡ, ಉಸಿರು ನಿಂತಿತಂತೆ. ಗುಡಿಗೆ ಮಂದಿ ಹೆಚ್ಚಾಗಿದ್ದಾರೆ.

ಅಕ್ಕ ಸತ್ತ ಹನ್ನೊಂದನೆಯ ದಿನ ಅವರ ಮನೆಗೆ ಹೋದೆ. ಎಲ್ಲರ ಎದುರಿಗೆ ಹೇಳಿಬಿಡಬೇಕೆಂದೇ ಹೋದದ್ದು. ಮುದುಕಮ್ಮ ಬೀಸುವ ಕಲ್ಲಿನ ಮುಂದೆ ಸುಮ್ಮನೆ ಕೂತಿದ್ದಳು. ಕಲ್ಲಿನಲ್ಲಿ ಕಾಳಿರಲಿಲ್ಲ. ನಾನೂ ಪಕ್ಕಕ್ಕೆ ಕೂತೆ.

"ಅತ್ತಿ, ಮಂದೀಗೆ ಖರೇ ಹೇಳಿಬಿಡೂಣು."

"ಏನಂತ ಹೇಳ್ತಿ, ತಮ್ಮಾ? ನಾ ಯಾಕ ಎದ್ದೆ ಅಂತ ಹೇಳ್ತೀಯೋ, ನೀ ಯಾಕ ಎದ್ದಿ ಅಂತ ಹೇಳ್ತೀಯೋ?"

ಅಂಗಳದಲ್ಲಿ ಕೆಮ್ಮು ಕೇಳಿತು. ಮುದುಕಮ್ಮ ಕಲ್ಲಿನ ಗೂಟ ಹಿಡಿದು ಎದ್ದಳು, ಸೆರಗೆಳೆದುಕೊಂಡಳು, ಗೋಡೆಗೆ ಸರಿದಳು. ಗೋಪಣ್ಣ ಒಳಗೆ ಬಂದು, "ಬಂದಿಯೇನಪಾ ಯಮನೂರ, ಉಂಡ್ಯಾ?" ಎಂದ.

"ಇನ್ನೂ ಇಲ್ರೀ, ಮಾವ" ಎಂದೆ. ಎದ್ದು ನಿಂತೇ ಹೇಳಿದ್ದೆ.